ತಲೆಯಿಂದಲೇ ಕಾಲು ಬಂದ ಅಮ್ಮ

ಎರಡು ಮೂರು ವರ್ಷದ ಮಗುವಿರುವ ಮನೆಯನ್ನು ಗೋಡೆ ನೋಡಿಯೇ ಗುರುತಿಸಬಹುದು. ನೆಲದಿಂದ ಎರಡೂವರೆ ಅಡಿಯವರೆಗೆ, ಸೋಫಾದ ಹಿಂದೆ, ಬಾಗಿಲ ಮರೆಯಲ್ಲಿ, ಪುಟ್ಟ ಕೈಗೆ ಎಟುಕಿದಲ್ಲೆಲ್ಲ ಗೀಚು. ಪೆನ್ಸಿಲ್ಲಿನದು, ಸ್ಕೆಚ್ ಪೆನ್ನಿನದು, ಕೆಲವೊಮ್ಮೆ ಅಮ್ಮನ ಕಾಡಿಗೆಯದು. ಬಾಡಿಗೆ ಮನೆಯಾದರೆ ಓನರ್ ಏನೆನ್ನುತ್ತಾರೋ ಎಂಬ ಚಿಂತೆ, ಸ್ವಂತದ್ದಾದರೆ ಮತ್ತೆ ಬಣ್ಣ ಹೊಡೆಸುವ ಖರ್ಚಿನ ಲೆಕ್ಕ. ಇಷ್ಟರ ನಡುವೆಯೂ ಬಂದವರನ್ನೆಲ್ಲ ಆ ಗೋಡೆಯ ಹತ್ತಿರ ಕರೆದೊಯ್ದು ‘ನೋಡಿ, ಇದು ಅವಳು ಬರೆದ ಆನೆ’ ಎಂದು ತೋರಿಸುವ ಅಪ್ಪ ಅಮ್ಮಂದಿರಿದ್ದಾರೆ. ಬಂದವರಿಗೆ ಆನೆ ಕಾಣುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಒಳಗೇ ಅಂದುಕೊಂಡು ತಲೆಯಾಡಿಸುತ್ತಾರೆ.

ಆ ಗಾದೆ ಇಲ್ಲಿ ಅರ್ಧ ಮಾತ್ರ ಸಲ್ಲುತ್ತದೆ ಎಂದು ನನ್ನ ವಾದ. ಮಗುವಿನ ಗೀಚನ್ನು ಕಂಡು ಹೆತ್ತವರಿಗಾಗುವ ಖುಷಿಯಲ್ಲಿ ಮೋಹವಿದೆ, ನಿಜ. ಆದರೆ ಮೋಹದ ಜೊತೆಗೆ ತಿಳಿವಳಿಕೆಯೂ ಇದೆ. ಬಂದವರು ನೋಡುವುದು ಗೋಡೆಯ ಮೇಲೆ ಉಳಿದ ಗೆರೆಗಳನ್ನು. ತಾಯಿ ನೋಡಿರುವುದು ಆ ಗೆರೆ ಹುಟ್ಟಿದ ಗಳಿಗೆಯನ್ನು. ಸೊಂಡಿಲು ಎಲ್ಲಿಂದ ಹೊರಟಿತು, ಆನೆ ಯಾವಾಗ ನೀರಿಗಿಳಿಯಿತು, ನೀರು ಹೆಚ್ಚಾಗಿ ಆನೆ ಹೇಗೆ ಮುಚ್ಚಿಹೋಯಿತು ಎಂಬುದೆಲ್ಲ ಅವಳಿಗೆ ಗೊತ್ತು. ಒಂದು ವರ್ಷದಿಂದ ಆರೇಳು ವರ್ಷದವರೆಗೆ ಮಗು ಬರೆಯುವ ಚಿತ್ರದ ಬಹುಪಾಲು ಬರೆಯುವಾಗ ಇರುತ್ತದೆ. ಬರೆದು ಮುಗಿದ ಮೇಲೆ ಕಾಗದದಲ್ಲಿ ಉಳಿಯುವುದು ಸ್ವಲ್ಪ. ಆದ್ದರಿಂದ ಅದನ್ನು ಸರಿಯಾಗಿ ಓದಬಲ್ಲವರು ಪಕ್ಕದಲ್ಲಿ ಕೂತವರು ಮಾತ್ರ. ಮಕ್ಕಳ ಚಿತ್ರಗಳ ಬಗ್ಗೆ ನೂರಮೂವತ್ತು ವರ್ಷಗಳಿಂದ ನಡೆದಿರುವ ಅಧ್ಯಯನಗಳೂ ಒಟ್ಟಿನಲ್ಲಿ ಈ ಕಡೆಗೇ ಕೈತೋರುತ್ತವೆ.

ಈ ಅಧ್ಯಯನ ಶುರುವಾದದ್ದೂ ಒಂದು ಗೋಡೆಯಿಂದಲೇ. ಇಟಲಿಯ ಬೊಲೊನ್ಯಾ ನಗರದಲ್ಲಿ 1882–83ರ ಚಳಿಗಾಲದಲ್ಲಿ ಕೊರ್ರಾದೊ ರಿಚ್ಚಿ ಎಂಬ ಕಲಾ ಇತಿಹಾಸಕಾರರು ಮಳೆಗೆ ಹೆದರಿ ಕಮಾನುಗಳ ಪಡಸಾಲೆಯೊಂದರಲ್ಲಿ ನಿಂತಿದ್ದಾಗ ಅಲ್ಲಿನ ಗೋಡೆ ಕಣ್ಣಿಗೆ ಬಿತ್ತು. ಮೇಲೆ ದೊಡ್ಡವರ ಬರಹಗಳು, ಕೆಳಗೆ ಮಕ್ಕಳ ಚಿತ್ರಗಳು. ಮಳೆ ನಿಲ್ಲುವುದಕ್ಕಾಗಿ ಕಾಯುತ್ತಿದ್ದವರು ಕೆಳಗಿನ ಸಾಲನ್ನು ಗಮನವಿಟ್ಟು ನೋಡಿದರು, ಮುಂದೆ ನೂರಾರು ಮಕ್ಕಳ ಚಿತ್ರಗಳನ್ನು ಕೂಡಿಹಾಕಿದರು, 1887ರಲ್ಲಿ ‘ಮಕ್ಕಳ ಕಲೆ’ ಎಂಬ ಪುಟ್ಟ ಪುಸ್ತಕ ತಂದರು. ಮಕ್ಕಳು ವಸ್ತುವನ್ನು ಕಂಡಂತೆ ಬರೆಯುವುದಿಲ್ಲ, ತಮಗೆ ನೆನಪಿರುವ ಅದರ ಭಾಗಗಳನ್ನು ಒಂದೊಂದಾಗಿ ಹೇಳುತ್ತಾರೆ ಎಂಬ ಮಾತು ಅಲ್ಲೇ ಇದೆ. ಆದರೆ ಗೋಡೆಯ ಚಿತ್ರ ತನ್ನನ್ನು ಬರೆದ ಮಗು ಯಾವುದೆಂದು ಹೇಳುವುದಿಲ್ಲ. ಆ ಕೊರತೆ ನೀಗಿದ್ದು ಒಬ್ಬ ಅಪ್ಪನಿಂದ. ಫ್ರಾನ್ಸಿನ ಜಾರ್ಜ್-ಆನ್ರಿ ಲ್ಯೂಕೆ ತಮ್ಮ ಮಗಳು ಸಿಮೋನ್ ಬರೆದ ಚಿತ್ರಗಳನ್ನು ವರ್ಷಗಟ್ಟಲೆ ತೆಗೆದಿಟ್ಟರು. ಬರೆಯುವಾಗ ಅವಳು ಆಡಿದ ಮಾತನ್ನೂ ಗುರುತು ಹಾಕಿಕೊಂಡರು. 1913ರಲ್ಲಿ ಅದೊಂದು ಪುಸ್ತಕವಾಯಿತು. 1927ರಲ್ಲಿ ಅವರು ಬರೆದ ಇನ್ನೊಂದು ಪುಸ್ತಕದ ವಿಂಗಡಣೆಯನ್ನೇ ಮುಂದೆ ಜೀನ್ ಪಿಯಾಜೆ ಎತ್ತಿಕೊಂಡರು, ಇವತ್ತಿನ ಪಠ್ಯಗಳಲ್ಲೂ ಅದು ಉಳಿದಿದೆ. ಈ ಶಾಸ್ತ್ರದ ಒಂದು ದೊಡ್ಡ ತಳಪಾಯವನ್ನು ಹಾಕಿದ್ದು ಮನೆಯಲ್ಲಿ ಮಗಳ ಪಕ್ಕ ಕೂತು ನೋಡಿದ ತಂದೆ ಎಂಬುದನ್ನು ನಾವು ಮರೆಯಬಾರದು.

ಮೊದಲ ಗೀಚಿನಿಂದಲೇ ಶುರು ಮಾಡೋಣ. ವರ್ಷ ತುಂಬಿದ ಮಗು ಮುಷ್ಟಿಯಲ್ಲಿ ಬಳಪ ಹಿಡಿದು ಅತ್ತಿಂದಿತ್ತ ಉಜ್ಜುತ್ತದೆ. ಅದು ಬರೀ ಕೈ ಬೀಸುವ ಆಟ, ಗೆರೆ ಮೂಡುವುದು ಆಕಸ್ಮಿಕ ಎಂದು ತಿಳಿಯುವುದು ಸುಲಭ. 1968ರಲ್ಲಿ ಜೇಮ್ಸ್ ಗಿಬ್ಸನ್ ಮತ್ತು ಪೆಟ್ರೀಷಿಯಾ ಯೋನಾಸ್ ಇದನ್ನು ಪರೀಕ್ಷಿಸಿದರು. ಪುಟ್ಟ ಮಕ್ಕಳಿಗೆ ಒಮ್ಮೆ ಗುರುತು ಮೂಡಿಸುವ ಕಡ್ಡಿ ಕೊಟ್ಟರು, ಒಮ್ಮೆ ನೋಡಲು ಅಂಥದೇ ಆದರೂ ಗುರುತು ಮೂಡಿಸದ ಕಡ್ಡಿ ಕೊಟ್ಟರು. ಗುರುತು ಮೂಡದಿದ್ದಾಗ ಮಕ್ಕಳ ಗೀಚಾಟ ಚೆನ್ನಾಗಿಯೇ ಇಳಿಯಿತು. ಅಂದರೆ ಮಗುವಿಗೆ ಕೈ ಆಡಿಸುವುದಷ್ಟೇ ಸಾಕಾಗಿರಲಿಲ್ಲ. ತನ್ನ ಕೈ ಹೋದ ದಾರಿ ಕಣ್ಣೆದುರು ಉಳಿಯಬೇಕಿತ್ತು. ಇಲ್ಲದ್ದೊಂದು ಈಗ ಇದೆ, ಅದು ನನ್ನಿಂದಾಯಿತು ಎಂಬ ಅರಿವು ಮಾತು ಬರುವುದಕ್ಕೂ ಮೊದಲೇ ಗೀಚಿನಲ್ಲಿ ಬಂದುಬಿಟ್ಟಿರುತ್ತದೆ. ಹತ್ತಿರದಿಂದ ನೋಡಿದರೆ ಇನ್ನೂ ಒಂದು ಬದಲಾವಣೆ ಕಾಣುತ್ತದೆ. ಮೊದಮೊದಲು ಗೆರೆ ಹುಟ್ಟುವುದು ಭುಜದಿಂದ; ಆಮೇಲೆ ಮೊಣಕೈಯಿಂದ, ಮಣಿಕಟ್ಟಿನಿಂದ, ಕೊನೆಗೆ ಬೆರಳಿನಿಂದ. ದೊಡ್ಡ ಕಮಾನಿನಂಥ ಗೀರುಗಳು ಸುರುಳಿಯಾಗುತ್ತವೆ, ಸುರುಳಿಗಳು ಒಂದರ ಮೇಲೊಂದು ಸುತ್ತುತ್ತವೆ. ಮೂರರ ಆಸುಪಾಸಿನಲ್ಲಿ ಒಂದು ದಿನ ಕೈ ಒಂದೇ ಸುತ್ತು ಹೋಗಿ, ಹೊರಟ ಜಾಗಕ್ಕೆ ಬಂದು, ನಿಲ್ಲುತ್ತದೆ.

ಆ ನಿಲ್ಲುವುದು ದೊಡ್ಡ ಸಂಗತಿ. ಸುತ್ತುವುದಕ್ಕಿಂತ ನಿಲ್ಲಿಸುವುದು ಕಷ್ಟ, ಗೆರೆಯ ಎರಡು ತುದಿ ಕೂಡಿಸುವುದು ಇನ್ನೂ ಕಷ್ಟ. ಗೆರೆ ಮುಚ್ಚಿಕೊಂಡ ಕ್ಷಣ ಕಾಗದದಲ್ಲಿ ಒಳಗು ಹೊರಗು ಹುಟ್ಟಿಕೊಳ್ಳುತ್ತವೆ. ಒಳಗಿರುವುದು ಒಂದು ‘ವಸ್ತು’, ಹೊರಗಿರುವುದು ಬಯಲು. ಈ ಮೊದಲ ಸೊನ್ನೆ ಚೆಂಡಿನ ಚಿತ್ರವಾಗಿರಬೇಕಾಗಿಲ್ಲ, ದುಂಡಗಿರುವುದೊಂದರ ಚಿತ್ರವೂ ಆಗಿರಬೇಕಾಗಿಲ್ಲ, ಅದು ಯಾವುದೇ ವಸ್ತುವಿನ ಇರುವಿಕೆಯನ್ನು ಹೇಳುತ್ತದೆ ಎಂದು ರುಡಾಲ್ಫ್ ಆರ್ನ್‌ಹೈಮ್ 1954ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಹಾಗಾಗಿಯೇ ಅದೇ ಸೊನ್ನೆ ಅಜ್ಜಿಯೂ ಆಗುತ್ತದೆ, ದೋಸೆಯೂ ಆಗುತ್ತದೆ, ಬಸ್ಸೂ ಆಗುತ್ತದೆ. ದುಂಡನ್ನು ಬಿಡಿಸಲು ಬಂದ ಮಗುವಿಗೆ ಚೌಕ ಬರುವುದು ನಾಲ್ಕೈದು ವರ್ಷಕ್ಕೆ, ತ್ರಿಕೋನ ಐದರ ಹೊತ್ತಿಗೆ. ನಮ್ಮ ಲಿಪಿ ಬಹುಮಟ್ಟಿಗೆ ಬಾಗುಗೆರೆಗಳದೇ ಆದ್ದರಿಂದ, ರ, ಠ, ಸೊನ್ನೆಗಳಿಗೆ ಬೇಕಾದ ತಿರುವನ್ನು ಕನ್ನಡದ ಮಗು ಯಾರೂ ತಿದ್ದಿಸದೆ ಗೀಚಾಟದಲ್ಲೇ ಕಲಿತಿರುತ್ತದೆ ಎನ್ನುವುದು ನನಗೆ ಬಹಳ ಇಷ್ಟವಾದ ವಿಚಾರ.

ಆದರೆ ಗೀಚನ್ನು ಅಕ್ಷರಕ್ಕೋ ಚಿತ್ರಕ್ಕೋ ಪೂರ್ವಸಿದ್ಧತೆ ಎಂದಷ್ಟೇ ಕಂಡರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. ಬ್ರಿಟನ್ನಿನ ಕಲಾಶಿಕ್ಷಕ ಜಾನ್ ಮ್ಯಾಥ್ಯೂಸ್ ಲ್ಯೂಕೆಯವರಂತೆಯೇ ತಮ್ಮ ಸ್ವಂತ ಮಕ್ಕಳನ್ನು ಗಮನಿಸಿದವರು. ಎರಡು ದಾಟಿದ ಅವರ ಮಗ ಒಮ್ಮೆ ಕುಂಚ ಹಿಡಿದು ಸುತ್ತು ಸುತ್ತಾಗಿ ಬಣ್ಣ ಬಳಿಯುತ್ತ, ಕಾರು ತಿರುವಿನಲ್ಲಿ ಹೋಗುತ್ತಿದೆ ಎಂದು ಹೇಳುತ್ತಲೇ ಇದ್ದ. ಬಣ್ಣದ ಮೇಲೆ ಬಣ್ಣ ಬಿದ್ದು ಎಲ್ಲ ಒಂದೇ ಮುದ್ದೆಯಾದಾಗ ಕಾರು ಹೋಯಿತು ಎಂದ. ಮುಗಿದ ಕಾಗದವನ್ನು ಮಾತ್ರ ಕಂಡವರಿಗೆ ಅದೊಂದು ಕೊಳಕು ಕಲೆ. ಆದರೆ ಅಲ್ಲಿ ಕಾರಿನ ಆಕಾರ ಬರೆಯುವ ಉದ್ದೇಶವೇ ಹುಡುಗನಿಗಿರಲಿಲ್ಲ. ಅವನು ಬರೆದದ್ದು ಕಾರಿನ ಓಟವನ್ನು, ಕೊನೆಗೆ ಅದು ಮರೆಯಾದದ್ದನ್ನು. ನಮ್ಮ ಮನೆಗಳಲ್ಲೂ ಇದು ದಿನಾ ನಡೆಯುತ್ತದೆ: ‘ಟಪ್ ಟಪ್’ ಎನ್ನುತ್ತ ಚುಕ್ಕಿ ಇಡುವ ಮಗು ಮಳೆಯನ್ನು ಸುರಿಸುತ್ತಿರುತ್ತದೆ, ಅಂಗಳಕ್ಕೆ ನೀರು ಹಾಕಿ ಅಮ್ಮ ರಂಗೋಲಿ ಎಳೆಯುವಾಗ ಪಕ್ಕದಲ್ಲಿ ಕೂತ ಮಗು ಹಿಟ್ಟನ್ನು ಉದುರಿಸುವ ಬೆರಳ ಚಲನೆಯನ್ನೇ ಅನುಕರಿಸುತ್ತಿರುತ್ತದೆ. ಇಂಥ ಹೊತ್ತಿನಲ್ಲಿ ‘ಇದೇನು ಬರೆದಿದ್ದೀಯಾ?’ ಎಂಬ ಪ್ರಶ್ನೆ ಮಗುವನ್ನು ಕಕ್ಕಾಬಿಕ್ಕಿ ಮಾಡುವುದು ಸಹಜ. ಉತ್ತರ ಕಾಗದದಲ್ಲಿಲ್ಲ, ನಡೆದುಹೋಗಿದೆ.

ಹಾಗಾದರೆ ಮಕ್ಕಳು ಬಾಯಿಗೆ ಬಂದ ಹೆಸರು ಹೇಳಿಬಿಡುತ್ತಾರೆ, ನಾವು ಅದಕ್ಕೆ ಅರ್ಥ ಕಟ್ಟುತ್ತೇವೆ ಎಂದು ಯಾರಾದರೂ ಹೇಳಬಹುದು. ಸ್ವಲ್ಪ ಮಟ್ಟಿಗೆ ಅದು ನಿಜ. ಬರೆದಾದ ಮೇಲೆ ಗೆರೆಯಲ್ಲಿ ಏನೋ ಹೋಲಿಕೆ ಕಂಡು ಹೆಸರಿಡುವ ಹಂತವನ್ನು ಲ್ಯೂಕೆಯೇ ಗುರುತಿಸಿದ್ದರು. ಆದರೆ ಆ ಹಂತ ಬೇಗ ಮುಗಿಯುತ್ತದೆ. ಪಾಲ್ ಬ್ಲೂಮ್ ಮತ್ತು ಲೋರಿ ಮಾರ್ಕ್ಸನ್ 1998ರಲ್ಲಿ ಮೂರು ನಾಲ್ಕು ವರ್ಷದ ಮಕ್ಕಳಿಗೆ ಬಲೂನು, ಲಾಲಿಪಾಪ್ ಎರಡನ್ನೂ ಬರೆಯಲು ಹೇಳಿದರು. ಆ ವಯಸ್ಸಿನ ಕೈಯಲ್ಲಿ ಎರಡೂ ಒಂದೇ: ಒಂದು ಸೊನ್ನೆ, ಕೆಳಗೊಂದು ಗೆರೆ. ಸ್ವಲ್ಪ ಹೊತ್ತು ಬಿಟ್ಟು ಚಿತ್ರಗಳನ್ನು ತೋರಿಸಿ ಕೇಳಿದಾಗ, ಯಾವುದನ್ನು ಏನೆಂದು ಬರೆದಿದ್ದರೋ ಹೆಚ್ಚಿನ ಮಕ್ಕಳು ಅದೇ ಹೆಸರು ಹೇಳಿದರು. ಚಿತ್ರ ಏನೆಂಬುದನ್ನು ತೀರ್ಮಾನಿಸುವುದು ಹೋಲಿಕೆಗಿಂತ ಬರೆದವರ ಉದ್ದೇಶ ಎಂಬುದು ಮೂರು ವರ್ಷದ ಮಗುವಿಗೆ ಗೊತ್ತಿದೆ. ಅದು ಆನೆಯ ಹಾಗಿಲ್ಲವಲ್ಲ ಎನ್ನುವ ದೊಡ್ಡವರಿಗೆ ಮರೆತುಹೋಗಿರುವುದು ಇದೇ.

ಸೊನ್ನೆಗೆ ಕಣ್ಣು ಬಂದು, ಬಾಯಿ ಬಂದು, ಅದರ ಬುಡದಿಂದ ಎರಡು ಉದ್ದ ಗೆರೆ ಇಳಿದಾಗ ಮೊದಲ ಮನುಷ್ಯ ತಯಾರಾದ. ಸಾಮಾನ್ಯವಾಗಿ ಅದು ಅಮ್ಮನೇ. ಹೊಟ್ಟೆಯಿಲ್ಲ, ಕುತ್ತಿಗೆಯಿಲ್ಲ, ತಲೆಯಿಂದಲೇ ಕಾಲು. ಫ್ರೆಂಚರು ಇದನ್ನು ಗೊದಮೊಟ್ಟೆ ಮನುಷ್ಯ ಎನ್ನುತ್ತಾರೆ, ಜರ್ಮನರ ಮಾತಿನಲ್ಲಿ ಅದು ತಲೆಗಾಲ. ಮೂರು ನಾಲ್ಕು ವರ್ಷದ ಮಕ್ಕಳಲ್ಲಿ ಇದು ಎಷ್ಟು ವ್ಯಾಪಕವಾಗಿದೆಯೆಂದರೆ ಇದಕ್ಕೊಂದು ಹೆಸರಿಡದೆ ವಿದ್ವಾಂಸರಿಗೆ ದಾರಿಯಿರಲಿಲ್ಲ. ಮಗುವಿಗೆ ಹೊಟ್ಟೆಯ ವಿಚಾರ ಗೊತ್ತಿಲ್ಲವೇ? ಅಮ್ಮನ ಹೊಟ್ಟೆಯ ಮೇಲೆ ಮಲಗಿ ಬೆಳೆದ ಮಗುವಿಗೆ ಅದು ಗೊತ್ತಿಲ್ಲದಿರುವುದು ಹೇಗೆ! ಕ್ಲೇರ್ ಗೋಲಂಬ್ ಇದನ್ನು ಬಿಡಿಸಿ ನೋಡಿದರು. ಗೊದಮೊಟ್ಟೆ ಬರೆಯುವ ಮಕ್ಕಳಿಗೇ, ದೇಹದ ಭಾಗಗಳನ್ನು ನೀವು ಹೇಳಿ, ನಾವು ಬರೆಯುತ್ತೇವೆ ಎಂದಾಗ ಅವರು ತಾವು ಬರೆದದ್ದಕ್ಕಿಂತ ಹೆಚ್ಚು ಅಂಗಗಳನ್ನು ಹೇಳಿದರು. ಹೊಟ್ಟೆ ಎಲ್ಲಿದೆ ಎಂದು ಕೇಳಿದರೆ ಕೆಲವು ಮಕ್ಕಳು ಎರಡು ಕಾಲಿನ ನಡುವಿನ ಖಾಲಿ ಜಾಗ ತೋರಿಸುತ್ತಾರೆ, ಕೆಲವರು ಆ ದೊಡ್ಡ ಸೊನ್ನೆಯ ಕೆಳಭಾಗ ತೋರಿಸುತ್ತಾರೆ. ಹೊಟ್ಟೆ ಇದೆ, ಅದಕ್ಕೆ ಪ್ರತ್ಯೇಕ ಗೆರೆ ಬೇಕೆಂದು ಮಗುವಿಗೆ ಅನಿಸಿಲ್ಲ. ನೋಡಲು ಕಣ್ಣು, ಮಾತಾಡಲು ಬಾಯಿ, ನಡೆಯಲು ಕಾಲು: ಅಮ್ಮ ಅಮ್ಮನಾಗಲು ಇಷ್ಟು ಸಾಕೆಂದು ಅದು ಲೆಕ್ಕ ಹಾಕಿದೆ. ಆ ಚಿತ್ರವನ್ನು ಕೈಯಲ್ಲಿ ಹಿಡಿದ ತಾಯಿ ಸಂತೋಷಪಟ್ಟರೆ ಅದು ಕುರುಡು ಮೋಹವಲ್ಲ. ಕೋಟಿ ವಿವರಗಳಿಂದ ನಾಲ್ಕನ್ನು ಆರಿಸಿ ತನ್ನನ್ನು ಗುರುತಿಸಿದ ಮೊದಲ ಓದುಗನನ್ನು ಅವಳು ಕಾಣುತ್ತಿದ್ದಾಳೆ.

ಐದು ದಾಟಿದ ಮಗು ಇನ್ನೂ ಧೈರ್ಯಶಾಲಿ. ಬಸ್ಸಿನ ತಗಡಿನ ಮೂಲಕ ಒಳಗೆ ಕೂತವರ ಕಾಲು ಕಾಣುತ್ತದೆ, ಬಸುರಿ ಚಿಕ್ಕಮ್ಮನ ಹೊಟ್ಟೆಯಲ್ಲಿ ಪಾಪು ಕಾಣುತ್ತದೆ, ಗುಡ್ಡದ ಇಳಿಜಾರಿನ ಮರಗಳು ಇಳಿಜಾರಿಗೆ ನೆಟ್ಟಗೆ ಆಕಾಶದ ಕಡೆ ವಾಲಿ ನಿಲ್ಲುತ್ತವೆ. ನಾರ್ಮನ್ ಫ್ರೀಮನ್ ಮತ್ತು ಅವರ ಸಹೋದ್ಯೋಗಿ 1972ರಲ್ಲಿ ಮಕ್ಕಳ ಮುಂದೆ ಒಂದು ಕಪ್ಪನ್ನು ಹಿಡಿಕೆ ಕಾಣದಂತೆ ತಿರುಗಿಸಿಟ್ಟು, ಕಾಣುವಂತೆ ಬರೆಯಿರಿ ಎಂದರು. ಎಂಟು ವರ್ಷದೊಳಗಿನ ಮಕ್ಕಳಲ್ಲಿ ಹೆಚ್ಚಿನವರು ಕಾಣದ ಹಿಡಿಕೆಯನ್ನು ಬರೆದೇ ಬರೆದರು. ಹಿಡಿಕೆ ಇಲ್ಲದಿದ್ದರೆ ಅದು ಕಪ್ಪು ಎಂದು ನೋಡುವವರಿಗೆ ತಿಳಿಯುವುದು ಹೇಗೆ? ಇದನ್ನು ತಪ್ಪು ಎನ್ನುವ ಮೊದಲು ನಮ್ಮ ಭಾಷೆಯನ್ನೇ ಕೇಳಬಹುದು. ಕನ್ನಡದಲ್ಲಿ ಕಾಗದ ಬರೆಯುತ್ತೇವೆ, ಲೆಕ್ಕ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಒಂದೇ ಕ್ರಿಯಾಪದ. ಮಗು ಕಪ್ಪಿನ ಬಗ್ಗೆ ತನಗೆ ತಿಳಿದದ್ದನ್ನು ಬರೆದಿದೆ. ಒಂದು ಕೋನದಿಂದ ಕಂಡ ನೋಟವನ್ನು ಹಿಡಿದಿಡುವ ಕೆಲಸ ಕ್ಯಾಮೆರಾದ್ದು. 2024ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಮಕ್ಕಳ ಮ್ಯೂಸಿಯಂನಲ್ಲಿ ಎರಡರಿಂದ ಹತ್ತು ವರ್ಷದ ಮಕ್ಕಳಿಂದ 37,000ಕ್ಕೂ ಹೆಚ್ಚು ಚಿತ್ರಗಳನ್ನು ಬರೆಸಿಕೊಂಡಿತು. ವಯಸ್ಸಾದಂತೆ ಚಿತ್ರಗಳು ಗುರುತು ಸಿಗುವಂತಾಗುವುದಕ್ಕೆ ಕೈ ಹಿಡಿತಕ್ಕೆ ಬಂದದ್ದೊಂದೇ ಕಾರಣವಲ್ಲ ಎಂದು ಅದು ತೋರಿಸಿತು. ಒಂದನ್ನು ಇನ್ನೊಂದರಿಂದ ಬೇರೆ ಮಾಡುವ ಗುರುತು ಯಾವುದು ಎಂಬ ತಿಳಿವಳಿಕೆಯೂ ಜೊತೆಜೊತೆಗೆ ಬೆಳೆಯುತ್ತಿತ್ತು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಚಿತ್ರದಲ್ಲಿ ತಿಳಿವಳಿಕೆ ಕಾಣುವುದಾದರೆ, ಅದರಿಂದ ಮಗುವಿನ ಬುದ್ಧಿ ಅಳೆಯಬಹುದಲ್ಲ? ಪಕ್ಕದ ಮನೆಯ ನಾಲ್ಕು ವರ್ಷದ ಹುಡುಗಿ ಬೆರಳು, ಜಡೆ, ಗುಂಡಿ ಎಲ್ಲ ಬರೆಯುತ್ತಾಳೆ, ನಮ್ಮವನದು ಇನ್ನೂ ಗೊದಮೊಟ್ಟೆ ಎಂಬ ಆತಂಕ ಹುಟ್ಟುವುದು ಇಲ್ಲಿಂದಲೇ. ಅಳೆಯುವ ಪ್ರಯತ್ನ ನಡೆದದ್ದೂ ಉಂಟು. ಫ್ಲಾರೆನ್ಸ್ ಗುಡ್‌ಇನಫ್ 1926ರಲ್ಲಿ ‘ಮನುಷ್ಯನ ಚಿತ್ರ ಬರೆ’ ಎಂಬ ಪರೀಕ್ಷೆ ರೂಪಿಸಿದರು, ಪ್ರಮೀಳಾ ಫಾಟಕ್ ಅದನ್ನು ಭಾರತದ ಮಕ್ಕಳಿಗೆ ಹೊಂದಿಸಿದರು. ಆದರೆ 2014ರಲ್ಲಿ ಬ್ರಿಟನ್ನಿನ 7,752 ಅವಳಿ ಜೋಡಿಗಳ ಮೇಲೆ ನಡೆದ ಅಧ್ಯಯನದಲ್ಲಿ, ನಾಲ್ಕನೇ ವಯಸ್ಸಿನ ಚಿತ್ರಕ್ಕೂ ಅದೇ ವಯಸ್ಸಿನ ಬುದ್ಧಿಪರೀಕ್ಷೆಯ ಅಂಕಕ್ಕೂ ಇದ್ದ ಸಹಸಂಬಂಧ 0.33, ಹದಿನಾಲ್ಕನೇ ವಯಸ್ಸಿನ ಅಂಕದ ಜೊತೆ ಬರೀ 0.20. ಸಾವಿರಾರು ಮಕ್ಕಳ ಗುಂಪಿನಲ್ಲಿ ಕಾಣುವ ಸಣ್ಣ ಒಲವು ಅದು. ಒಂದು ಮಗುವಿನ ಭವಿಷ್ಯ ಹೇಳುವ ಜಾತಕ ಅಲ್ಲ. ಕಪ್ಪು ಬಣ್ಣ ಬಳಸಿದರೆ ಮಗುವಿಗೆ ದುಃಖ, ದೊಡ್ಡ ಕೈ ಬರೆದರೆ ಸಿಟ್ಟು ಎಂಬ ಮಾತುಗಳಂತೂ ಅಷ್ಟು ನಂಬಿಕೆಗೂ ಅರ್ಹವಲ್ಲ. ಪೆಟ್ಟಿಗೆಯಲ್ಲಿ ಉಳಿದಿದ್ದ ಉದ್ದದ ಕ್ರೆಯಾನ್ ಕಪ್ಪಾಗಿತ್ತು, ಅಷ್ಟೇ ಇರಬಹುದು. ಅದು ತಿಳಿಯಬೇಕಾದರೂ ಪಕ್ಕದಲ್ಲಿ ಕೂತಿರಬೇಕು.

ಇನ್ನೊಂದು ಆಕ್ಷೇಪ ನಮ್ಮ ಪರಂಪರೆಯದು, ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ನಮ್ಮಲ್ಲಿ ಕಲಿಕೆ ಎಂದರೆ ತಿದ್ದುವುದು. ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸುತ್ತೇವೆ, ಆಮೇಲೆ ಸ್ಲೇಟಿನ ಮೇಲೆ ಅದೇ ಅಕ್ಷರವನ್ನು ದಪ್ಪಗಾಗುವವರೆಗೆ ತಿದ್ದಿಸುತ್ತೇವೆ. ಸಂಗೀತ, ರಂಗೋಲಿ, ಶಿಲ್ಪ ಎಲ್ಲವೂ ಹಾಗೆಯೇ ಬಂದವು. ಚಿತ್ರವನ್ನು ಮಾತ್ರ ಯಾಕೆ ತಿದ್ದಿಸಬಾರದು? ಮಕ್ಕಳು ಶೂನ್ಯದಿಂದ ಬರೆಯುವುದಿಲ್ಲ ಎಂಬುದು ಈ ವಾದದ ಬಲ. ಅಮೆರಿಕದ ಬ್ರೆಂಟ್ ಮತ್ತು ಮಾರ್ಜರಿ ವಿಲ್ಸನ್ ದಂಪತಿ, ಮಕ್ಕಳು ಅಣ್ಣ ಅಕ್ಕಂದಿರ ಚಿತ್ರಗಳಿಂದ, ಕಾಮಿಕ್ಸಿನಿಂದ ಎಷ್ಟು ಎರವಲು ಪಡೆಯುತ್ತಾರೆಂದು ತೋರಿಸಿದ್ದಾರೆ. ಆಸ್ಟ್ರೇಲಿಯಾದ ವಾಲ್ಪಿರಿ ಮೂಲನಿವಾಸಿಗಳಲ್ಲಿ ಕೂತ ಮನುಷ್ಯನ ಗುರುತು ಇಂಗ್ಲಿಷಿನ ‘ಯು’ ಅಕ್ಷರದಂಥ ಬಾಗುಗೆರೆ. ಅಲ್ಲಿನ ಮಕ್ಕಳು ಆ ಗುರುತನ್ನೂ ಶಾಲೆಯಲ್ಲಿ ಕಂಡ ಕೈಕಾಲಿನ ಮನುಷ್ಯನನ್ನೂ ಒಂದೇ ಹಾಳೆಯಲ್ಲಿ ಬರೆಯುವುದನ್ನು ಮೌರೀನ್ ಕಾಕ್ಸ್ ದಾಖಲಿಸಿದ್ದಾರೆ. ನಮ್ಮಲ್ಲಿ ಎರಡು ತ್ರಿಕೋನ ಗುಡ್ಡ, ನಡುವೆ ಅರ್ಧ ಸೂರ್ಯ, ಅಗಲವಾಗುತ್ತ ಬರುವ ಹೊಳೆ, ಒಂದು ಮನೆ, ಒಂದು ತೆಂಗಿನಮರ. ಗುಡ್ಡವೇ ಇಲ್ಲದ ರಾಯಚೂರಿನ ಬಯಲಿನ ಹಳ್ಳಿಯ ಮಗುವೂ ಇದನ್ನೇ ಬರೆಯುತ್ತದೆ. ಅದರಲ್ಲಿ ತಪ್ಪೇನಿಲ್ಲ. ಮಗು ತಾನಾಗಿ ಬೇಕೆಂದು ಎರವಲು ತಂದದ್ದನ್ನು ತನ್ನ ಕತೆಗೆ ಬಳಸುತ್ತದೆ, ಹೊಳೆಗೆ ಮೊಸಳೆ ಬಿಡುತ್ತದೆ. ತೊಂದರೆಯಾಗುವುದು ಮೂರೂವರೆ ವರ್ಷದ ಮಗುವಿನ ಗೊದಮೊಟ್ಟೆಗೆ ದೊಡ್ಡವರು ಹೊಟ್ಟೆ ಸೇರಿಸಿದಾಗ, ಸೇಬಿನ ಗೆರೆಯಾಚೆ ಬಣ್ಣ ಹೋಯಿತೆಂದು ಗದರಿದಾಗ. ಅಕ್ಷರ ಎಲ್ಲರಿಗೂ ಒಂದೇ ಆಗಿರಲೇಬೇಕು, ಇಲ್ಲದಿದ್ದರೆ ಓದಲಾಗದು, ಹಾಗಾಗಿ ತಿದ್ದುತ್ತೇವೆ. ಅಮ್ಮನ ಚಿತ್ರಕ್ಕೆ ಆ ಕಟ್ಟುಪಾಡಿಲ್ಲ. ಶಾಂತಿನಿಕೇತನದಲ್ಲಿ ಕಲಿತು ಸೇವಾಗ್ರಾಮದ ನಯೀ ತಾಲೀಮ್ ಶಾಲೆಯಲ್ಲಿ ಮಕ್ಕಳಿಗೆ ಕಲೆ ಕಲಿಸಿದ ದೇವಿ ಪ್ರಸಾದ್ ಇಂಥ ಹೇರಿಕೆಯಿಲ್ಲದ ಕಲಿಕೆಯನ್ನೇ ಶಿಕ್ಷಣದ ಬುನಾದಿ ಎಂದು ಕಂಡವರು. ಕೈಕಸುಬನ್ನು ಶ್ರದ್ಧೆಯಿಂದ ಕಲಿಸುವ ಪರಂಪರೆಯ ಒಳಗೇ ಅವರು ಅದನ್ನು ಮಾಡಿದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಜೊತೆ ಮಾಡಿದ ಪ್ರಯೋಗಗಳೂ ಈ ದಿಕ್ಕಿನವೇ.

ಹಾಗಾದರೆ ತಿದ್ದುವುದು ಬಿಟ್ಟು ಹೊಗಳೋಣವೇ? ಇದರಲ್ಲೂ ಎಚ್ಚರ ಬೇಕು. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುಶಾಲೆಯಲ್ಲಿ, ಚಿತ್ರ ಬರೆಯಲು ಇಷ್ಟಪಡುವ ಮಕ್ಕಳನ್ನೇ ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಬರೆದರೆ ಚಿನ್ನದ ನಕ್ಷತ್ರ ಅಂಟಿಸಿದ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿದರು. ಒಂದಕ್ಕೆ ಹೇಳದೆ ಕೊಟ್ಟರು. ಒಂದಕ್ಕೆ ಏನೂ ಕೊಡಲಿಲ್ಲ. ಕೆಲವು ದಿನಗಳ ಮೇಲೆ ಬಿಡುವಿನ ವೇಳೆಯಲ್ಲಿ ಯಾರು ಎಷ್ಟು ಹೊತ್ತು ಬರೆಯುತ್ತಾರೆಂದು ನೋಡಿದರೆ, ಬಹುಮಾನಕ್ಕೆ ಒಪ್ಪಿ ಬರೆದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಬರೆದರು. ‘ಸೂಪರ್, ಸೂಪರ್’ ಎಂದು ಎಲ್ಲದಕ್ಕೂ ಹೇಳುವುದು ಬಹುಮಾನದ ಅಗ್ಗದ ರೂಪ, ಮಕ್ಕಳಿಗೆ ಅದು ಬೇಗ ಗೊತ್ತಾಗುತ್ತದೆ. ಓಹೋ, ಇವನಿಗೆ ಉದ್ದ ಕಾಲು, ಎಲ್ಲಿಗೆ ಹೊರಟಿದ್ದಾನೆ ಎಂದು ಕಂಡದ್ದನ್ನು ಹೇಳಿದರೆ ಸಾಕು. ಕತೆ ತಾನಾಗಿ ಬರುತ್ತದೆ. ಆ ಕತೆಯನ್ನು ಮಗುವಿನ ಮಾತಿನಲ್ಲೇ, ತಾರೀಕಿನ ಜೊತೆ, ಹಾಳೆಯ ಹಿಂದೆ ಬರೆದಿಡಬಹುದು. ಲ್ಯೂಕೆ ಮಾಡಿದ್ದೂ ಹೆಚ್ಚುಕಡಿಮೆ ಅಷ್ಟೇ. ಕೆಲಸಕ್ಕೆ ಹೋಗುವ ತಂದೆತಾಯಿಗೆ ಸಮಯವೆಲ್ಲಿ ಎಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಗೊದಮೊಟ್ಟೆ ಹುಟ್ಟಲು ಬೇಕಾಗುವುದು ಎರಡು ನಿಮಿಷ, ಕುಕ್ಕರು ಎರಡು ಕೂಗು ಹಾಕುವಷ್ಟು ಹೊತ್ತು.

ರಷ್ಯಾದ ನವ್ಗೊರೊದ್ ನಗರದ ಕೆಸರಿನಡಿಯಲ್ಲಿ 1956ರಲ್ಲಿ ಪುರಾತತ್ತ್ವಜ್ಞರಿಗೆ ಬರ್ಚ್ ಮರದ ತೊಗಟೆಯ ತುಂಡುಗಳು ಸಿಕ್ಕವು. ಹದಿಮೂರನೇ ಶತಮಾನದವು, ಆರೇಳು ವರ್ಷದ ಒನ್‌ಫಿಮ್ ಎಂಬ ಹುಡುಗನವು. ಒಂದರ ಮೇಲೆ ಅವನು ವರ್ಣಮಾಲೆ ತಿದ್ದಲು ಶುರು ಮಾಡಿ, ಹನ್ನೊಂದು ಅಕ್ಷರಕ್ಕೆ ನಿಲ್ಲಿಸಿ, ಉಳಿದ ಜಾಗದಲ್ಲಿ ಕುದುರೆ ಸವಾರನೊಬ್ಬನನ್ನು ಬರೆದಿದ್ದಾನೆ. ಸವಾರ ಕೆಳಗೆ ಬಿದ್ದ ಶತ್ರುವನ್ನು ಈಟಿಯಿಂದ ತಿವಿಯುತ್ತಿದ್ದಾನೆ, ಪಕ್ಕದಲ್ಲಿ ಹುಡುಗನ ಹೆಸರಿದೆ. ಇನ್ನೊಂದು ತುಂಡಿನಲ್ಲಿ ಮನುಷ್ಯರ ಸಾಲು, ಕೈಗಳು ಕುಂಟೆಯ ಹಾಗೆ, ಒಂದೊಂದು ಕೈಗೆ ಒಂದೊಂದು ಲೆಕ್ಕದ ಬೆರಳು. ನಮ್ಮ ಊರಿನ ಯಾವುದೇ ಅಂಗನವಾಡಿಯ ಗೋಡೆಯಲ್ಲಿ ಕಾಣಬಹುದಾದ ಮನುಷ್ಯರೇ ಅವರು. ತೊಗಟೆಯ ಮೇಲಿನ ಗೀರುಗಳು ಏಳುನೂರು ವರ್ಷ ಮಾಸದೆ ಉಳಿದಿವೆ. ಅವನ್ನು ಗೀರುವಾಗ ಹುಡುಗ ಪಕ್ಕದಲ್ಲಿದ್ದವರಿಗೆ ಏನು ಹೇಳುತ್ತಿದ್ದ ಎಂಬುದು ಮಾತ್ರ ಉಳಿದಿಲ್ಲ.